ಉನ್ನತ ದರ್ಜೆಯ ರೈಫಲ್ ಸ್ಕೋಪ್

ರೈಫಲ್ ಸ್ಕೋಪ್ ಎಂಬುದು ರೈಫಲ್ಲಿನ ಮೇಲೆ ಜೋಡಿಸುವ ಚಿಕ್ಕ ವಕ್ರೀಭವನ ದೂರದರ್ಶಕ. ಇದು ಗುರಿಯನ್ನು ದೊಡ್ಡದಾಗಿ ತೋರಿಸುವುದಲ್ಲದೆ, ಗುಂಡು ತಾಗುವ ಸ್ಥಳವನ್ನು ರೆಟಿಕಲ್ ಎಂಬ ಗೆರೆಗಳ ಮೂಲಕ ಸೂಚಿಸುತ್ತದೆ. ಬೇಟೆ, ದೂರದ ಗುರಿಯ ಶೂಟಿಂಗ್ ಸ್ಪರ್ಧೆಗಳು, ಪೊಲೀಸ್ ಹಾಗೂ ಸೇನಾ ಕಾರ್ಯಗಳಲ್ಲಿ ಇದರ ಬಳಕೆಯಿದೆ. ಅಮೆರಿಕದ ಮಾರುಕಟ್ಟೆಯಲ್ಲಿ ಇದರ ಬೆಲೆ ನೂರು ಡಾಲರಿಗಿಂತ ಕಡಿಮೆಯಿಂದ ಮೂರು ಸಾವಿರ ಡಾಲರಿಗೂ ಮೇಲಿನವರೆಗೆ ಹರಡಿಕೊಂಡಿದೆ. ಎರಡು ಸ್ಕೋಪ್‌ಗಳನ್ನು ಅಂಗಡಿಯಲ್ಲಿ ಕಣ್ಣಿಗೆ ಹಿಡಿದು ಹೋಲಿಸಿದಾಗ ಕಾಣುವುದು ಗಾಜಿನ ವ್ಯತ್ಯಾಸ. ಯಂತ್ರಭಾಗಗಳ ವ್ಯತ್ಯಾಸ ತಿಳಿಯುವುದು ಹಲವು ನೂರು ಗುಂಡುಗಳನ್ನು ಹಾರಿಸಿದ ಬಳಿಕ. ಕೊಳ್ಳುವವರು ಬೆಲೆ ಮತ್ತು ಬಾಳಿಕೆಗಳನ್ನು ತೂಗುವಾಗ ಎದುರಿಸುವ ಮುಖ್ಯ ತೊಡಕು ಇದೇ ಆಗಿದೆ.

ಇತಿಹಾಸ

1835ರಿಂದ 1840ರ ನಡುವೆ ಅಮೆರಿಕದ ಮಾರ್ಗನ್ ಜೇಮ್ಸ್ ಮತ್ತು ಜಾನ್ ಚಾಪ್‌ಮನ್ ರೂಪಿಸಿದ ಗುರಿ ದೂರದರ್ಶಕವನ್ನು ಮೊದಲ ಬಳಕೆಯೋಗ್ಯ ಮಾದರಿಗಳಲ್ಲಿ ಒಂದೆಂದು ಪರಿಗಣಿಸಲಾಗುತ್ತದೆ. 1855ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ವಿಲಿಯಂ ಮಾಲ್ಕಮ್ ಅವರು ಬಣ್ಣಗಳು ಚದುರದಂತೆ ತಡೆಯುವ ಅವರ್ಣಕ ಮಸೂರಗಳನ್ನು ಅಳವಡಿಸಿ ಸ್ಕೋಪ್‌ಗಳನ್ನು ತಯಾರಿಸತೊಡಗಿದರು. ಅಮೆರಿಕದ ಅಂತರ್ಯುದ್ಧದಲ್ಲಿ ಇಂತಹ ಉದ್ದನೆಯ ಸ್ಕೋಪ್‌ಗಳು ಬಳಕೆಗೆ ಬಂದವು. ಯುರೋಪಿನಲ್ಲಿ ಆಸ್ಟ್ರಿಯಾದ ಆಗಸ್ಟ್ ಫಿಡ್ಲರ್ 1880ರಲ್ಲಿ ತಯಾರಿಸಿದ ಮಾದರಿ ಹಾಗೂ 1898ರಲ್ಲಿ ವಿಯೆನ್ನಾದಲ್ಲಿ ಸ್ಥಾಪನೆಯಾದ ಕಾಲೆಸ್ ಸಂಸ್ಥೆಯ ಕೆಲಸ ಈ ಉದ್ಯಮಕ್ಕೆ ಅಡಿಪಾಯ ಹಾಕಿದವು.

ಇಪ್ಪತ್ತನೆಯ ಶತಮಾನದ ಎರಡು ಸುಧಾರಣೆಗಳು ಇಂದಿನ ಬೆಲೆಗಳನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತವೆ. ಮೊದಲನೆಯದು ಮಸೂರಗಳ ಮೇಲಿನ ಪ್ರತಿಫಲನ ನಿರೋಧಕ ಲೇಪನ. ಇದನ್ನು 1935ರಲ್ಲಿ ಜರ್ಮನಿಯ ಝೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲ ಕಂಡುಹಿಡಿದರು. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲೂ ಸುಮಾರು ಶೇಕಡಾ 4ರಷ್ಟು ಬೆಳಕು ಹಿಂದಿರುಗಿ ಹೋಗುತ್ತದೆ. ಎಂಟು ಬಿಡಿ ಮಸೂರಗಳಿರುವ ಸ್ಕೋಪಿನಲ್ಲಿ ಹದಿನಾರು ಮೇಲ್ಮೈಗಳಿರುವುದರಿಂದ ಕಣ್ಣಿಗೆ ತಲುಪುವುದು ಅರ್ಧಕ್ಕಿಂತ ತುಸು ಹೆಚ್ಚು ಬೆಳಕು ಮಾತ್ರ. ಬಹುಪದರ ಲೇಪನವಿರುವ ಇಂದಿನ ಉತ್ತಮ ಸ್ಕೋಪ್‌ಗಳಲ್ಲಿ ಈ ಪ್ರಮಾಣ ಶೇಕಡಾ 90ರ ಆಸುಪಾಸಿನಲ್ಲಿದೆ. ಎರಡನೆಯದು ಕೊಳವೆಯೊಳಗಿನ ತೇವವಿರುವ ಗಾಳಿಯನ್ನು ತೆಗೆದು ಒಣ ನೈಟ್ರೋಜನ್ ಅನಿಲವನ್ನು ತುಂಬಿ ಮುಚ್ಚುವ ವಿಧಾನ. ಅಮೆರಿಕದ ಆರೆಗನ್ ರಾಜ್ಯದ ಲ್ಯೂಪೋಲ್ಡ್ ಸಂಸ್ಥೆ 1947ರಲ್ಲಿ ಹೊರತಂದ ಪ್ಲೇನ್ಸ್‌ಮನ್ ಸ್ಕೋಪಿನ ಕಾಲದಿಂದ ಈ ವಿಧಾನ ಬೇಟೆಗಾರರಲ್ಲಿ ಜನಪ್ರಿಯವಾಯಿತು. ಅದಕ್ಕೂ ಮೊದಲು ಮಳೆ ಹಾಗೂ ಚಳಿಯಲ್ಲಿ ಮಸೂರದ ಒಳಗೆ ಮಂಜು ಕಟ್ಟಿಕೊಳ್ಳುವುದು ಸಾಮಾನ್ಯ ದೂರಾಗಿತ್ತು.

ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಮರೀನ್ ಪಡೆ ತನ್ನ ಎಂ40 ರೈಫಲ್ಲಿಗೆ ರೆಡ್‌ಫೀಲ್ಡ್ ಸಂಸ್ಥೆಯ, ವರ್ಧನೆಯನ್ನು 3ರಿಂದ 9 ಪಟ್ಟಿನವರೆಗೆ ಬದಲಿಸಬಹುದಾದ ಸ್ಕೋಪನ್ನು ಬಳಸಿತು. ಅನಂತರದ ಎಂ40ಎ1 ರೈಫಲ್ಲಿಗೆ ಆಯ್ಕೆಯಾದದ್ದು ಉಕ್ಕಿನ ಕೊಳವೆಯ, 10 ಪಟ್ಟು ಸ್ಥಿರ ವರ್ಧನೆಯ ಯೂನರ್ಟಲ್ ಸ್ಕೋಪ್. ಅದು ಹೆಚ್ಚು ಭಾರದ, ಕಡಿಮೆ ಅನುಕೂಲದ ಸಾಧನವಾದರೂ ಅದರಲ್ಲಿ ಚಲಿಸುವ ಭಾಗಗಳು ಕಡಿಮೆಯಿದ್ದವು. 1988ರಲ್ಲಿ ಅಮೆರಿಕದ ಭೂಸೇನೆ ಅಂಗೀಕರಿಸಿದ ಎಂ24 ರೈಫಲ್ಲಿನಲ್ಲಿಯೂ 10 ಪಟ್ಟು ಸ್ಥಿರ ವರ್ಧನೆಯ ಸ್ಕೋಪೇ ಇತ್ತು. ವರ್ಧನೆಯನ್ನು ಬದಲಿಸುವ ಸ್ಕೋಪ್‌ಗಳು ಸೇನೆಯ ವಿಶ್ವಾಸವನ್ನು ಪೂರ್ಣವಾಗಿ ಗಳಿಸಿದ್ದು ಆ ಬಳಿಕ. ಬ್ರಿಟಿಷ್ ಸೇನೆಯ ಎಲ್115ಎ3 ರೈಫಲ್ಲಿನ ಮೇಲಿರುವ, ಜರ್ಮನಿಯ ಶ್ಮಿಟ್ ಆ್ಯಂಡ್ ಬೆಂಡರ್ ಸಂಸ್ಥೆಯ 5–25×56 ಪಿಎಂ–2 ಇದಕ್ಕೆ ಹೆಸರಾಂತ ಉದಾಹರಣೆ.

ರಚನೆ ಮತ್ತು ಬಾಳಿಕೆ

ಸ್ಕೋಪಿನ ಹೊರಕೊಳವೆಯೊಳಗೆ ಇನ್ನೊಂದು ಚಿಕ್ಕ ಕೊಳವೆ ಇರುತ್ತದೆ. ತಲೆಕೆಳಗಾದ ಬಿಂಬವನ್ನು ನೆಟ್ಟಗೆ ಮಾಡುವ ಮಸೂರಗಳು ಇದರಲ್ಲಿರುತ್ತವೆ. ಮೇಲಿನ ಹಾಗೂ ಪಕ್ಕದ ತಿರುಪುಗುಬಟಗಳನ್ನು ತಿರುಗಿಸಿದಾಗ ಅವುಗಳ ಸ್ಕ್ರೂಗಳು ಈ ಒಳಕೊಳವೆಯನ್ನು ಒತ್ತುತ್ತವೆ. ಎದುರು ಬದಿಯಿಂದ ಒಂದು ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಗುಂಡು ತಾಗುವ ಸ್ಥಳಕ್ಕೂ ರೆಟಿಕಲ್ ತೋರಿಸುವ ಸ್ಥಳಕ್ಕೂ ಹೊಂದಿಸಿದ ಸ್ಥಿತಿಯನ್ನು ‘ಝೀರೊ’ ಎನ್ನುತ್ತಾರೆ. ಅದು ಉಳಿಯುವುದೂ ಕೆಡುವುದೂ ಬಹುಮಟ್ಟಿಗೆ ಈ ಸ್ಪ್ರಿಂಗ್ ಮತ್ತು ಸ್ಕ್ರೂಗಳ ಮೇಲೆ ಅವಲಂಬಿಸಿದೆ. ಅಗ್ಗದ ಸ್ಕೋಪಿನ ಮಸೂರಗಳು ಸಾಮಾನ್ಯವಾಗಿ ಒಡೆಯುವುದಿಲ್ಲ. ಸ್ಪ್ರಿಂಗ್ ದುರ್ಬಲಗೊಂಡು ಒಳಕೊಳವೆ ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಸರಿಯುವುದೇ ಅಲ್ಲಿನ ರೋಗ. ಹೊರಗಿನಿಂದ ಏನೂ ಕಾಣದಿರುವುದರಿಂದ ಗುರಿ ತಪ್ಪಿದವನು ತನ್ನ ಕೈಯನ್ನೋ ತೋಟೆಯನ್ನೋ ದೂರುತ್ತಾ ಹಲವು ಪೆಟ್ಟಿಗೆ ತೋಟೆಗಳನ್ನು ವ್ಯರ್ಥ ಮಾಡುವುದುಂಟು.

ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಈ ಹಿನ್ನೊದೆತದಲ್ಲಿ ಸ್ಕೋಪನ್ನು ಹಿಡಿದ ಉಂಗುರಗಳ ಮೇಲೆ ಬೀಳುವ ಬಲ ಸ್ಕೋಪಿನ ತೂಕಕ್ಕೆ ಅನುಗುಣವಾಗಿರುತ್ತದೆ. ಲ್ಯೂಪೋಲ್ಡ್‌ನ ವಿಎಕ್ಸ್–3ಐ 3.5–10×40 ಸ್ಕೋಪಿನ ತೂಕ ಸುಮಾರು 360 ಗ್ರಾಂ. ವೋರ್ಟೆಕ್ಸ್ ಸಂಸ್ಥೆಯ ಎರಡನೆಯ ಪೀಳಿಗೆಯ ರೇಜರ್ 4.5–27×56 ಸ್ಕೋಪಿನದು ಸುಮಾರು 1.37 ಕಿಲೋಗ್ರಾಂ. ದಪ್ಪ ಗೋಡೆಯ ಕೊಳವೆ, ದೊಡ್ಡ ಸ್ಪ್ರಿಂಗ್ ಮತ್ತು ದೊಡ್ಡ ಗುಬಟಗಳು ಬಾಳಿಕೆಯ ಜೊತೆಗೆ ಭಾರವನ್ನೂ ತರುತ್ತವೆ. ಮಲಗಿ ಗುರಿಯಿಡುವ ಸ್ಪರ್ಧಾಳುವಿಗೆ ಈ ಭಾರ ತೊಂದರೆಯಲ್ಲ. ದಿನವಿಡೀ ಬೆಟ್ಟ ಹತ್ತುವ ಬೇಟೆಗಾರನಿಗೆ ಅದು ಹಣದಷ್ಟೇ ನಿಜವಾದ ಬೆಲೆ.

ಸ್ಪ್ರಿಂಗ್ ಪಿಸ್ಟನ್ ಇರುವ ಏರ್ ರೈಫಲ್ ಇಲ್ಲಿ ಒಂದು ವಿಚಿತ್ರ ಪ್ರಕರಣ. ಅದರ ಒದೆತ ದೊಡ್ಡದಲ್ಲ, ಆದರೆ ಎರಡು ದಿಕ್ಕಿನದು. ಭಾರವಾದ ಪಿಸ್ಟನ್ ಮುಂದಕ್ಕೆ ಚಿಮ್ಮುವಾಗ ಬಂದೂಕು ಹಿಂದಕ್ಕೂ, ಪಿಸ್ಟನ್ ಕೊನೆಯಲ್ಲಿ ತಡೆದು ನಿಂತಾಗ ಮುಂದಕ್ಕೂ ಜಗ್ಗುತ್ತದೆ. ದೊಡ್ಡ ಬೇಟೆಯ ರೈಫಲ್ಲಿನ ಮೇಲೆ ವರ್ಷಗಟ್ಟಲೆ ಬಾಳಿದ ಸ್ಕೋಪ್ ಇಂತಹ ಏರ್ ರೈಫಲ್ಲಿನ ಮೇಲೆ ಬೇಗ ಕೆಡಬಹುದು, ಏಕೆಂದರೆ ಒಂದೇ ದಿಕ್ಕಿನ ಹೊಡೆತಕ್ಕೆಂದು ರೂಪಿಸಿದ ಮಸೂರದ ಹಿಡಿಕೆಗಳು ಎದುರು ದಿಕ್ಕಿನ ಹೊಡೆತವನ್ನು ತಾಳುವುದಿಲ್ಲ. ಆದುದರಿಂದ ತಯಾರಕರು ಏರ್ ರೈಫಲ್ಲಿಗೆ ಯೋಗ್ಯವೆಂದು ಸ್ಪಷ್ಟವಾಗಿ ಹೇಳಿರುವುದನ್ನು ಮಾತ್ರ ಬಳಸಬೇಕಾಗುತ್ತದೆ.

ತಯಾರಕರ ಪರೀಕ್ಷೆಗಳ ವಿವರಗಳಲ್ಲಿಯೂ ತೂಕದ ವ್ಯತ್ಯಾಸವಿದೆ. ಲ್ಯೂಪೋಲ್ಡ್ ಸಂಸ್ಥೆಯು .308 ರೈಫಲ್ಲಿನ ಮೂರು ಪಟ್ಟು ಒದೆತವನ್ನು 5,000 ಬಾರಿ ನೀಡುವ ಯಂತ್ರದಲ್ಲಿ ತನ್ನ ವಿನ್ಯಾಸಗಳನ್ನು ಪರೀಕ್ಷಿಸುವುದಾಗಿ ಹೇಳುತ್ತದೆ; ಇದು ಅಳೆಯಬಹುದಾದ ಹೇಳಿಕೆ. ‘ಸೇನಾ ದರ್ಜೆ’ ಎಂಬ ಪದಕ್ಕೆ ಯಾವ ನಿಶ್ಚಿತ ಅರ್ಥವೂ ಇಲ್ಲ. ಅಮೆರಿಕದ ಮಿಲ್–ಎಸ್‌ಟಿಡಿ–810 ಮಾನದಂಡವು ಹಲವು ಪರೀಕ್ಷಾ ವಿಧಾನಗಳ ಸಂಗ್ರಹವಾಗಿದ್ದು, ಯಾವ ಪರೀಕ್ಷೆಯನ್ನು ಎಷ್ಟು ತೀವ್ರವಾಗಿ ನಡೆಸಬೇಕೆಂಬುದನ್ನು ಬಳಸುವವರೇ ನಿರ್ಧರಿಸಬಹುದು. ಯಾವ ಪರೀಕ್ಷೆ ನಡೆಯಿತೆಂದು ಹೇಳದೆ ಆ ಹೆಸರನ್ನಷ್ಟೇ ಮುದ್ರಿಸಿದ ಪೆಟ್ಟಿಗೆಯಿಂದ ಹೆಚ್ಚೇನೂ ತಿಳಿಯದು.

ಹಣ ಎಲ್ಲಿಗೆ ಹೋಗುತ್ತದೆ

ರೈಫಲ್ಲಿಗೆ ಕೊಟ್ಟಷ್ಟೇ ಹಣವನ್ನು ಸ್ಕೋಪಿಗೂ ಕೊಡಬೇಕೆಂಬ ಮಾತು ಅಮೆರಿಕದ ಬೇಟೆಗಾರರಲ್ಲಿ ಪ್ರಚಲಿತವಾಗಿದೆ. ಅಗ್ಗದ ಗಾಜು ನಿಜಕ್ಕೂ ಕಳಪೆಯಾಗಿದ್ದ ಕಾಲಕ್ಕೆ ಅದು ಸರಿಹೊಂದುತ್ತಿತ್ತು. ಇಂದು ಮಧ್ಯಮ ಬೆಲೆಯ ಸ್ಕೋಪ್‌ಗಳ ಗಾಜು ಹಗಲಿನ ಬೆಳಕಿನಲ್ಲಿ ದುಬಾರಿಯವುಗಳಿಗೆ ಬಹಳ ಹತ್ತಿರ ಬಂದಿದೆ. ಬೆಲೆ ಇಮ್ಮಡಿಯಾದಾಗ ಸ್ಪಷ್ಟತೆ ಇಮ್ಮಡಿಯಾಗುವುದಿಲ್ಲ.

ಗಾಜಿನ ಮೇಲೆ ಹಣ ಹಾಕುವುದು ಸಾರ್ಥಕವಾಗುವುದು ಮುಸ್ಸಂಜೆಯಲ್ಲಿ. ಅಮೆರಿಕದ ಹಲವು ರಾಜ್ಯಗಳಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ಬಳಿಕದವರೆಗೆ ಬೇಟೆಗೆ ಅನುಮತಿಯಿದೆ. ಪ್ರಾಣಿಗಳು ಹೊರಬರುವುದೂ ಆ ಹೊತ್ತಿನಲ್ಲೇ. ಆಗ ಮಸಕಾದ ಬಿಂಬವೆಂದರೆ ಎಲ್ಲಿಗೋ ತಗುಲಿದ ಗುಂಡು, ಗಾಯಗೊಂಡು ಕಾಡಿನಲ್ಲಿ ನರಳುವ ಪ್ರಾಣಿ. ವಸ್ತುಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದಾಗ ಕಣ್ಣಿಗೆ ಬರುವ ಬೆಳಕಿನ ವೃತ್ತದ ವ್ಯಾಸ ದೊರೆಯುತ್ತದೆ. 8×56 ಸ್ಕೋಪಿನಲ್ಲಿ ಅದು 7 ಮಿಲಿಮೀಟರ್, ಅಂದರೆ ಕತ್ತಲಲ್ಲಿ ಅರಳಿದ ಯುವಕನ ಕಣ್ಣಿನ ಪಾಪೆಯಷ್ಟು. 5–25×56 ಸ್ಕೋಪನ್ನು 25 ಪಟ್ಟಿಗೆ ತಿರುಗಿಸಿದರೆ ಅದು 2.24 ಮಿಲಿಮೀಟರಿಗೆ ಇಳಿಯುತ್ತದೆ. ಹೀಗಾಗಿ ಸಂಜೆಗತ್ತಲಲ್ಲಿ ದುಬಾರಿ ಸ್ಕೋಪನ್ನು ಹೆಚ್ಚಿನ ವರ್ಧನೆಯಲ್ಲಿ ಬಳಸುವವನಿಗಿಂತ ಸಾಧಾರಣ ಸ್ಕೋಪನ್ನು ಕಡಿಮೆ ವರ್ಧನೆಯಲ್ಲಿ ಬಳಸುವವನಿಗೆ ಚೆನ್ನಾಗಿ ಕಾಣಬಹುದು. ದಪ್ಪ ಕೊಳವೆ ಹೆಚ್ಚು ಬೆಳಕು ಕೊಡುತ್ತದೆಂಬ ನಂಬಿಕೆ ತಪ್ಪು. 30 ಅಥವಾ 34 ಮಿಲಿಮೀಟರ್ ಕೊಳವೆಯಿಂದ ಸಿಗುವ ಮುಖ್ಯ ಲಾಭವೆಂದರೆ ಒಳಕೊಳವೆ ಸರಿದಾಡಲು ಹೆಚ್ಚಿನ ಜಾಗ ಮತ್ತು ಗಟ್ಟಿತನ.

ದೂರದ ಗುರಿಗೆ ಹೊಡೆಯುವವರ ಲೆಕ್ಕ ಬೇರೆ. ಅವರು ಪ್ರತಿ ದೂರಕ್ಕೂ ಗುಬಟವನ್ನು ತಿರುಗಿಸುತ್ತಾರೆ. ಒಂದು ಮಿಲಿರೇಡಿಯನ್ ಎಂದರೆ 100 ಮೀಟರ್ ದೂರದಲ್ಲಿ 10 ಸೆಂಟಿಮೀಟರ್. ಗುಬಟದ ಒಂದು ‘ಕ್ಲಿಕ್’ ಸಾಮಾನ್ಯವಾಗಿ ಇದರ ಹತ್ತನೆಯ ಒಂದು ಭಾಗ. 800 ಮೀಟರ್ ದೂರಕ್ಕೆ 8 ಮಿಲಿರೇಡಿಯನ್ ಏರಿಸಬೇಕಾಗಿದ್ದು, ಗುಬಟದಲ್ಲಿ ಶೇಕಡಾ 2ರಷ್ಟು ದೋಷವಿದ್ದರೆ ಗುಂಡು ಸುಮಾರು 13 ಸೆಂಟಿಮೀಟರ್ ಅತ್ತಿತ್ತಾಗುತ್ತದೆ. ಉನ್ನತ ದರ್ಜೆಯ ಸ್ಕೋಪಿಗೆ ಕೊಡುವ ಹೆಚ್ಚುವರಿ ಹಣದ ಬಹುಪಾಲು ಈ ದೋಷವನ್ನು ಕಡಿಮೆ ಮಾಡುವುದಕ್ಕೆ ಮತ್ತು ಸಾವಿರಾರು ಬಾರಿ ತಿರುಗಿಸಿದರೂ ಅದು ಬೆಳೆಯದಂತೆ ನೋಡಿಕೊಳ್ಳುವುದಕ್ಕೆ ಹೋಗುತ್ತದೆ. ಒಮ್ಮೆ ಝೀರೊ ಮಾಡಿ ಗುಬಟವನ್ನು ಮುಚ್ಚಿಬಿಡುವ, 200 ಮೀಟರಿನೊಳಗೆ ಹೊಡೆಯುವ ಬೇಟೆಗಾರನಿಗೆ ಈ ಖರ್ಚಿನ ಅಗತ್ಯವಿಲ್ಲ.

ಬಾಳಿಕೆಯೇ ಮುಖ್ಯವಾಗಿ, ಹಣ ಕಡಿಮೆಯಿದ್ದಾಗ ಸ್ಥಿರ ವರ್ಧನೆಯ ಸ್ಕೋಪ್ ಒಂದು ಒಳ್ಳೆಯ ದಾರಿ. ಅಮೆರಿಕದ ಎಸ್‌ಡಬ್ಲ್ಯುಎಫ್‌ಎ ಸಂಸ್ಥೆಯ 10×42 ಸ್ಕೋಪ್ ಹಲವು ವರ್ಷ ಸುಮಾರು 300 ಡಾಲರಿಗೆ ಮಾರಾಟವಾಗುತ್ತಿತ್ತು. ಗಾಜಿನಲ್ಲಿ ಅದು ಸಾಧಾರಣವಾದರೂ ಗುಬಟದ ನಿಖರತೆ ಹಾಗೂ ಗಟ್ಟಿತನಕ್ಕೆ ಹೆಸರಾಗಿತ್ತು.

ಜೋಡಣೆ ಮತ್ತು ಪರೀಕ್ಷೆ

ಸ್ಕೋಪ್ ಕೆಟ್ಟಿದೆಯೆಂದು ದೂರುವ ಪ್ರಕರಣಗಳಲ್ಲಿ ಹಲವು ಬಾರಿ ಕೆಟ್ಟಿರುವುದು ಜೋಡಣೆ. ಎರಡು ಸಾವಿರ ಡಾಲರಿನ ಸ್ಕೋಪನ್ನು ಮೂವತ್ತು ಡಾಲರಿನ ಉಂಗುರಗಳಲ್ಲಿ ಕೂರಿಸುವುದು ತೀರ ಸಾಮಾನ್ಯವಾದ ತಪ್ಪು. ಉಂಗುರದ ಸ್ಕ್ರೂಗಳನ್ನು ಸುಮಾರು 2 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ, ತಯಾರಕರು ಹೇಳಿದಂತೆ, ಅಳತೆಯ ಸ್ಕ್ರೂಡ್ರೈವರಿನಿಂದ ಬಿಗಿಯಬೇಕು. ಕಡಿಮೆಯಾದರೆ ಸ್ಕೋಪ್ ಜಾರುತ್ತದೆ. ಹೆಚ್ಚಾದರೆ ಕೊಳವೆ ಅಮುಕಿ ಒಳಭಾಗಗಳು ಸಿಕ್ಕಿಹಾಕಿಕೊಳ್ಳುತ್ತವೆ.

ಗುಬಟದ ನಿಖರತೆಯನ್ನು ಮನೆಯಲ್ಲಿಯೇ ಗುಂಡು ಹಾರಿಸದೆ ಪರೀಕ್ಷಿಸಬಹುದು. ರೈಫಲ್ಲಿನಿಂದ ಕಳಚಿದ ಸ್ಕೋಪನ್ನು ಭದ್ರವಾದ ಆಧಾರಕ್ಕೆ ಬಿಗಿದು, ಅಳೆದು ಗುರುತಿಸಿದ 100 ಮೀಟರ್ ದೂರದಲ್ಲಿ ಒಂದು ಮೀಟರ್ ಉದ್ದದ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಗುಬಟವನ್ನು 10 ಮಿಲಿರೇಡಿಯನ್ ತಿರುಗಿಸಿದರೆ ರೆಟಿಕಲ್ ಸರಿಯಾಗಿ ಒಂದು ಮೀಟರ್ ಸರಿಯಬೇಕು. ಮರಳಿ ತಂದಾಗ ಹೊರಟ ಜಾಗಕ್ಕೇ ಬರಬೇಕು. ದೂರದ ಅಳತೆಯೇ ತಪ್ಪಿದ್ದರೆ ಒಳ್ಳೆಯ ಸ್ಕೋಪೂ ಅನುತ್ತೀರ್ಣವಾಗುವುದರಿಂದ ಮೊದಲು ಟೇಪನ್ನು ನಂಬುವಂತಿರಬೇಕು.

ಖಾತರಿ

ಲ್ಯೂಪೋಲ್ಡ್ ಮತ್ತು ವೋರ್ಟೆಕ್ಸ್ ಸಂಸ್ಥೆಗಳು ಕೊಂಡ ಮೊದಲಿಗರಿಗಷ್ಟೇ ಅಲ್ಲದೆ ಅನಂತರದ ಮಾಲೀಕರಿಗೂ ಆಜೀವ ಖಾತರಿ ನೀಡುತ್ತವೆ. ಇದರಿಂದ ಹಳೆಯ ಸ್ಕೋಪ್‌ಗಳಿಗೂ ಮಾರುಕಟ್ಟೆಯಲ್ಲಿ ಬೆಲೆ ಉಳಿಯುತ್ತದೆ. ಆದರೆ ಖಾತರಿ ಬೇರೆ, ಬಾಳಿಕೆ ಬೇರೆ. ಬೇಟೆಯ ಋತುವಿನ ಮಧ್ಯದಲ್ಲಿ ಕೆಟ್ಟ ಸ್ಕೋಪಿಗೆ ಎರಡು ತಿಂಗಳ ಬಳಿಕ ಬದಲಿ ದೊರೆತರೆ ಆ ಋತುವಂತೂ ಹೋದಂತೆಯೇ. ‘ಆಜೀವ’ ಎಂಬುದು ಸಂಸ್ಥೆಯ ಆಯುಷ್ಯವನ್ನೂ ಅವಲಂಬಿಸಿದೆ: ರೆಡ್‌ಫೀಲ್ಡ್‌ನ ಡೆನ್ವರ್ ಕಾರ್ಖಾನೆ 1998ರಲ್ಲಿ ಮುಚ್ಚಿತು, ಹತ್ತು ವರ್ಷಗಳ ಬಳಿಕ ಆ ಹೆಸರನ್ನು ಲ್ಯೂಪೋಲ್ಡ್ ಕೊಂಡಿತು. ಅಮೆರಿಕದ ಹೊರಗಿರುವವರಿಗೆ ಇನ್ನೊಂದು ಅಡಚಣೆಯಿದೆ. ರೈಫಲ್ ಸ್ಕೋಪ್‌ಗಳು ಅಲ್ಲಿನ ವಾಣಿಜ್ಯ ಇಲಾಖೆಯ ರಫ್ತು ನಿಯಂತ್ರಣಕ್ಕೆ ಒಳಪಟ್ಟಿರುವುದರಿಂದ ದುರಸ್ತಿಗೆ ಕಳುಹಿಸಿ ಮರಳಿ ತರಿಸುವುದು ಸುಲಭವಲ್ಲ. ಪ್ರಸಿದ್ಧ ಮಾದರಿಗಳ ನಕಲಿಗಳೂ ಮಾರಾಟವಾಗುತ್ತವೆ. ಅವುಗಳಿಗೆ ಖಾತರಿ ಅನ್ವಯಿಸುವುದಿಲ್ಲ.

ಭಾರತದಲ್ಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಭಾರತದಲ್ಲಿ ಬೇಟೆಯು ಹವ್ಯಾಸವಾಗಿ ಉಳಿದಿಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಹಾಗೂ 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕ ಸ್ಕೋಪಿಗೆ ಅವಕಾಶವಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಮಸೂರಗಳ ಬದಲು ಕಿಂಡಿಯ ಮೂಲಕ ಗುರಿಯಿಡುವ ಸಾಧನದಿಂದ. ಹೀಗಾಗಿ ಉನ್ನತ ದರ್ಜೆಯ ಸ್ಕೋಪ್‌ಗಳ ಬೇಡಿಕೆ ಇಲ್ಲಿ ಮುಖ್ಯವಾಗಿ ಸೇನೆ ಮತ್ತು ಪೊಲೀಸ್ ಪಡೆಗಳದ್ದು. ಡೆಹ್ರಾಡೂನಿನಲ್ಲಿರುವ, ಈಗ ಇಂಡಿಯಾ ಆಪ್ಟೆಲ್ ಲಿಮಿಟೆಡ್ ಅಡಿಯಲ್ಲಿರುವ ಕಾರ್ಖಾನೆಗಳು ಸೇನೆಗೆ ದೃಷ್ಟಿಸಾಧನಗಳನ್ನು ಪೂರೈಸುತ್ತವೆ. ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಸ್ನೈಪರ್ ರೈಫಲ್‌ಗಳನ್ನೂ, ಅದೇ ನಗರದ ಟೋನ್ಬೊ ಇಮೇಜಿಂಗ್ ಉಷ್ಣಬಿಂಬದ ಗುರಿಸಾಧನಗಳನ್ನೂ ತಯಾರಿಸುತ್ತವೆ.