ಸೀಳುತುಟಿ ಮಕ್ಕಳಿಗೆ ಹಲ್ಲು ತಡವಾಗುವುದೇಕೆ? 9ರಿಂದ 11 ವರ್ಷದ ನಡುವೆ ತಪ್ಪಿಸಬಾರದ ಚಿಕಿತ್ಸೆ ಯಾವುದು? ಇಲ್ಲಿದೆ ಮಾಹಿತಿ

ಮುಂಬೈ: ಸೀಳುತುಟಿಯೊಂದಿಗೆ ಹುಟ್ಟಿದ ಮಗುವಿಗೆ ಮೂರ್ನಾಲ್ಕು ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಗಿ ತುಟಿ ಕೂಡಿಕೊಂಡರೆ, ಬಹಳಷ್ಟು ಮನೆಗಳಲ್ಲಿ ದೊಡ್ಡ ಚಿಂತೆ ಕಳೆಯಿತು ಎಂದುಕೊಳ್ಳುತ್ತಾರೆ. ಒಂದೂವರೆ ವರ್ಷದೊಳಗೆ ಅಂಗುಳದ ಆಪರೇಷನ್ ಕೂಡ ಮುಗಿದರೆ ಆಸ್ಪತ್ರೆಯ ಫೈಲ್ ಕಪಾಟು ಸೇರುತ್ತದೆ. ಆದರೆ ಅದೇ ಮಗುವಿಗೆ ಏಳೆಂಟು ವರ್ಷವಾದಾಗ ಹೊಸ ತೊಂದರೆ ಕಾಣಿಸುತ್ತದೆ. ಮುಂದಿನ ಒಂದು ಹಲ್ಲು ಬರುವುದೇ ಇಲ್ಲ, ಇನ್ನೊಂದು ಅಡ್ಡಲಾಗಿ ಬರುತ್ತದೆ, ಮತ್ತೊಂದು ಅಂಗುಳದ ಕಡೆಯಿಂದ ಮೂಡುತ್ತದೆ. ಹುಟ್ಟಿನಿಂದಲೇ ಮುಖ ಮತ್ತು ತಲೆಬುರುಡೆಯ ರಚನೆಯಲ್ಲಿ ವ್ಯತ್ಯಾಸವಿರುವ ಮಕ್ಕಳಲ್ಲಿ ಹಲ್ಲಿನ ಬೆಳವಣಿಗೆಯೇ ಬೇರೆ ದಾರಿ ಹಿಡಿಯುತ್ತದೆ. ಇದರಲ್ಲಿ ಕೆಲವು ಚಿಕಿತ್ಸೆಗಳಿಗೆ ವಯಸ್ಸಿನ ಮಿತಿಯಿದೆ. ಆ ವಯಸ್ಸು ದಾಟಿದರೆ ಅದೇ ಫಲಿತಾಂಶ ಸಿಗುವುದು ಕಷ್ಟ.

ಮುಖ, ಹಲ್ಲು ಎರಡಕ್ಕೂ ಒಂದೇ ಸಮಯ

ಗರ್ಭದಲ್ಲಿ ಮಗುವಿನ ಮೇಲ್ತುಟಿ ರೂಪುಗೊಳ್ಳುವುದು ಸುಮಾರು 4ರಿಂದ 7ನೇ ವಾರದೊಳಗೆ. ಅಂಗುಳದ ಎರಡು ಭಾಗಗಳು ಕೂಡಿಕೊಳ್ಳುವುದು 12ನೇ ವಾರದ ಹೊತ್ತಿಗೆ. ಹಾಲುಹಲ್ಲಿನ ಮೊಳಕೆ ಶುರುವಾಗುವುದೂ 6ನೇ ವಾರದ ಆಸುಪಾಸಿನಲ್ಲೇ. ಹೀಗಾಗಿ ತುಟಿ ಅಥವಾ ಅಂಗುಳ ಕೂಡಿಕೊಳ್ಳದೇ ಹೋದ ಜಾಗದಲ್ಲಿ ಹಲ್ಲಿನ ಮೊಳಕೆಯೂ ಸರಿಯಾಗಿ ಮೂಡುವುದಿಲ್ಲ.

ಅನೇಕ ಮಹಿಳೆಯರಿಗೆ ತಾವು ಗರ್ಭಿಣಿ ಎಂಬುದು ಖಚಿತವಾಗುವ ಹೊತ್ತಿಗೆ ಮಗುವಿನ ತುಟಿಯ ರಚನೆ ಮುಗಿಯುತ್ತಾ ಬಂದಿರುತ್ತದೆ. ಏಳನೇ ತಿಂಗಳಲ್ಲಿ ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೆ ಹೀಗಾಯಿತು ಎಂದು ತಾಯಿಯನ್ನು ದೂರುವ ಮಾತು ಕರ್ನಾಟಕದಲ್ಲೂ ಇದೆ, ಮಹಾರಾಷ್ಟ್ರದಲ್ಲೂ ಇದೆ. ವಾರಗಳ ಲೆಕ್ಕ ಹಾಕಿದರೂ ಸಾಕು, ಆ ಮಾತಿಗೆ ಆಧಾರವಿಲ್ಲ ಎಂಬುದು ಗೊತ್ತಾಗುತ್ತದೆ. ಜಗತ್ತಿನಲ್ಲಿ ಸರಾಸರಿ 700 ಮಕ್ಕಳಲ್ಲಿ ಒಬ್ಬರಿಗೆ ಸೀಳುತುಟಿ ಅಥವಾ ಸೀಳು ಅಂಗುಳ ಇರುತ್ತದೆ ಎಂಬುದು ಸಾಮಾನ್ಯ ಅಂದಾಜು.

ಹಲ್ಲಿನಲ್ಲಿ ಏನೇನು ವ್ಯತ್ಯಾಸ?

ಹೆಚ್ಚು ತೊಂದರೆಗೆ ಒಳಗಾಗುವುದು ಮೇಲಿನ ನಡು ಹಲ್ಲು ಮತ್ತು ಕೋರೆಹಲ್ಲಿನ ಮಧ್ಯೆ ಇರುವ ಬಾಚಿಹಲ್ಲು. ಸೀಳು ಹಾದುಹೋಗುವುದು ಇದೇ ಜಾಗದಲ್ಲಿ. ಕೆಲವರಿಗೆ ಆ ಹಲ್ಲು ಇರುವುದೇ ಇಲ್ಲ. ಕೆಲವರಿಗೆ ಚಿಕ್ಕ ಗೂಟದಂತೆ ಬರುತ್ತದೆ. ಇನ್ನು ಕೆಲವರಿಗೆ ಒಂದರ ಬದಲು ಎರಡು ಬರುತ್ತವೆ. ಪಕ್ಕದ ನಡು ಹಲ್ಲಿನ ಎನಾಮೆಲ್ ತೆಳುವಾಗಿ, ಬೇಗ ಹುಳುಕು ಹಿಡಿಯುವುದುಂಟು. ಹೊಲಿಗೆ ಬಿದ್ದ ಜಾಗಕ್ಕೆ ಬ್ರಷ್ ತಾಗಿಸಲು ಅಪ್ಪ ಅಮ್ಮ ಹೆದರುವುದರಿಂದ ಹುಳುಕು ಇನ್ನೂ ಹೆಚ್ಚುತ್ತದೆ. ಗಾಯ ಪೂರ್ತಿ ಮಾಗಿದ ಮೇಲೆ ಮೃದುವಾದ ಬ್ರಷ್‌ನಿಂದ ಆ ಜಾಗವನ್ನೂ ಉಜ್ಜಬೇಕು.

ಸೀಳು ಇರುವ ಶಿಶುಗಳಲ್ಲಿ ಹುಟ್ಟುವಾಗಲೇ ಹಲ್ಲು ಕಾಣಿಸುವುದು ಬೇರೆ ಶಿಶುಗಳಿಗಿಂತ ಹೆಚ್ಚು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎನ್ನುವ ನಂಬಿಕೆಯಿರುವ ಮನೆಗಳಲ್ಲಿ ಅದನ್ನು ಕೂಡಲೇ ಕೀಳಿಸುವ ಒತ್ತಡ ಬರುತ್ತದೆ. ಹಲ್ಲು ತೀರಾ ಅಲ್ಲಾಡುತ್ತಿದ್ದರೆ ಅಥವಾ ಹಾಲು ಕುಡಿಯಲು ಅಡ್ಡಿಯಾದರೆ ಮಾತ್ರ ತೆಗೆಯುವುದು ವೈದ್ಯರ ಕ್ರಮ.

ಶಾಶ್ವತ ಹಲ್ಲುಗಳು ಬರುವುದೂ ಈ ಮಕ್ಕಳಲ್ಲಿ ಸಾಮಾನ್ಯವಾಗಿ ಕೆಲವು ತಿಂಗಳು ತಡ. ಸೀಳು ಇರುವ ಬದಿಯಲ್ಲಿ ಇನ್ನೂ ತಡ. ಅಂಗುಳದ ಆಪರೇಷನ್‌ನ ಕಲೆಯಿಂದ ಮೇಲ್ದವಡೆ ಅಗಲವಾಗಿ ಬೆಳೆಯದೆ, ವಯಸ್ಸು ಏರಿದಂತೆ ಮುಖದ ಮಧ್ಯಭಾಗ ಒಳಗೆ ಸರಿದಂತೆ ಕಾಣಬಹುದು.

ಗ್ರಾಫ್ಟ್ ಯಾವಾಗ, ಏಕೆ?

ಸೀಳು ವಸಡಿನವರೆಗೂ ಹೋಗಿದ್ದರೆ ಅಲ್ಲಿ ಹಲ್ಲು ನಿಲ್ಲಲು ಮೂಳೆಯೇ ಇರುವುದಿಲ್ಲ. ತುಟಿ ಹೊಲಿದಾಗ ಈ ಕಂದಕ ಹೊರಗೆ ಕಾಣದಂತೆ ಮುಚ್ಚಿಹೋಗುತ್ತದೆ, ಆದರೆ ಒಳಗೆ ಹಾಗೇ ಇರುತ್ತದೆ. ಮೇಲಿನ ಕೋರೆಹಲ್ಲು ಸಾಮಾನ್ಯವಾಗಿ 11-12ನೇ ವಯಸ್ಸಿಗೆ ಇದೇ ಭಾಗದಲ್ಲಿ ಇಳಿಯಬೇಕು. ಮೂಳೆ ಇಲ್ಲದ ಕಡೆ ಇಳಿಯಲು ಹೋದ ಹಲ್ಲು ಒಳಗೇ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಬಂದರೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಇದಕ್ಕಿರುವ ಪರಿಹಾರ ಮೂಳೆ ಕಸಿ. ಸೊಂಟದ ಮೂಳೆಯೊಳಗಿನ ಸ್ಪಂಜಿನಂಥ ಭಾಗವನ್ನು ಸ್ವಲ್ಪ ತೆಗೆದು ವಸಡಿನ ಕಂದಕಕ್ಕೆ ತುಂಬುತ್ತಾರೆ. ಹಲ್ಲು ಬದಲಾಗುವ ವಯಸ್ಸಿನಲ್ಲಿ ಇದನ್ನು ಮಾಡುವ ವಿಧಾನವನ್ನು ಅಮೆರಿಕದ ಬಾಯ್ನ್ ಮತ್ತು ಸ್ಯಾಂಡ್ಸ್ 1972ರಲ್ಲಿ ಪ್ರಕಟಿಸಿದರು. ಇಂದಿಗೂ ಹೆಚ್ಚಿನ ಕೇಂದ್ರಗಳು ಅನುಸರಿಸುವುದು ಅದನ್ನೇ. ಕೋರೆಹಲ್ಲಿನ ಬೇರು ಅರ್ಧದಿಂದ ಮೂರನೇ ಎರಡು ಭಾಗದಷ್ಟು ಬೆಳೆದಿರಬೇಕು, ಹಲ್ಲು ಮಾತ್ರ ಇನ್ನೂ ಇಳಿದಿರಬಾರದು. ಆಗ ಹಲ್ಲು ಹೊಸ ಮೂಳೆಯ ಮೂಲಕವೇ ಇಳಿಯುತ್ತದೆ, ಇಳಿದ ಹಲ್ಲು ಆ ಮೂಳೆ ಕರಗದಂತೆ ಉಳಿಸುತ್ತದೆ. ಹೆಚ್ಚಿನ ಮಕ್ಕಳಲ್ಲಿ ಈ ಹಂತ 9ರಿಂದ 11 ವರ್ಷದ ನಡುವೆ ಬರುತ್ತದೆ. ಹಲ್ಲು ಇಳಿದ ಮೇಲೂ ಗ್ರಾಫ್ಟ್ ಮಾಡಬಹುದು, ಆದರೆ ಯಶಸ್ಸಿನ ಪ್ರಮಾಣ ಕಡಿಮೆ. ಊಟ ಮಾಡುವಾಗ ಮೂಗಿನಿಂದ ನೀರು, ಅನ್ನ ಬರುವ ಸಣ್ಣ ರಂಧ್ರ ಉಳಿದಿದ್ದರೆ ಅದನ್ನೂ ಇದೇ ಆಪರೇಷನ್‌ನಲ್ಲಿ ಮುಚ್ಚುತ್ತಾರೆ.

ಹತ್ತಕ್ಕೆ ಆಪರೇಷನ್ ಎಂದರೆ ಹತ್ತಕ್ಕೆ ಆಸ್ಪತ್ರೆಗೆ ಹೋದರಾಯಿತು ಎಂದಲ್ಲ. ಅನೇಕ ಮಕ್ಕಳಿಗೆ ಗ್ರಾಫ್ಟ್‌ಗೆ ಮೊದಲು ಹಲ್ಲಿನ ಕ್ಲಿಪ್ ಹಾಕುವ ವೈದ್ಯರು, ಅಂದರೆ ಆರ್ಥೊಡಾಂಟಿಸ್ಟ್, ಹಲವು ತಿಂಗಳು ಮೇಲ್ದವಡೆಯನ್ನು ಅಗಲಿಸಬೇಕಾಗುತ್ತದೆ. ಆದ್ದರಿಂದ ಏಳೆಂಟು ವರ್ಷಕ್ಕೇ ಅವರಿಗೆ ತೋರಿಸುವುದು ಒಳ್ಳೆಯದು. ಸೀಳಿನ ಪಕ್ಕ ಅಡ್ಡಾದಿಡ್ಡಿ ಬಂದ ಹಲ್ಲನ್ನು ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಕೀಳಿಸಿಬಿಡುವ ಆತುರ ಬೇಡ. ಹಲ್ಲು ಹೋದರೆ ಅದರ ಸುತ್ತ ಇರುವ ಚೂರು ಮೂಳೆಯೂ ಕರಗುತ್ತದೆ. ತೆಗೆಯಲೇಬೇಕಾದ ಹಲ್ಲನ್ನೂ ಯಾವಾಗ ತೆಗೆಯಬೇಕು ಎಂಬುದನ್ನು ಗ್ರಾಫ್ಟ್ ಮಾಡುವ ತಂಡವೇ ಹೇಳಬೇಕು.

ಇಲ್ಲದ ಹಲ್ಲಿಗೆ ಇಂಪ್ಲಾಂಟ್, ಒಳಸರಿದ ಮೇಲ್ದವಡೆಯನ್ನು ಮುಂದೆ ತರುವ ಆಪರೇಷನ್ ಇವೆರಡೂ ಸಾಮಾನ್ಯವಾಗಿ ಮುಖದ ಬೆಳವಣಿಗೆ ನಿಂತ ಮೇಲೆಯೇ.

ತಲೆಬುರುಡೆಯ ತೊಂದರೆ ಇದ್ದರೆ?

ಸೀಳುತುಟಿಗಿಂತ ಬಹಳ ವಿರಳವಾದ ಕೆಲವು ಸ್ಥಿತಿಗಳಲ್ಲಿ ಹಲ್ಲಿನ ಲಕ್ಷಣವೇ ರೋಗ ಪತ್ತೆಗೆ ದಾರಿಯಾಗುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಕ್ಲೈಡೋಕ್ರೇನಿಯಲ್ ಡಿಸ್‌ಪ್ಲೇಸಿಯಾ. ಹತ್ತು ಲಕ್ಷದಲ್ಲಿ ಒಬ್ಬರಿಗೆ ಬರುವ ಇದಕ್ಕೆ ಆರ್‌ಯುಎನ್‌ಎಕ್ಸ್2 ಎಂಬ ಜೀನ್‌ನ ದೋಷ ಕಾರಣ ಎಂಬುದು 1997ರಲ್ಲಿ ಪತ್ತೆಯಾಯಿತು. ನೆತ್ತಿ ಕೂಡುವುದು ತೀರಾ ತಡ, ಕತ್ತಿನ ಕೆಳಗಿನ ಕಾಲರ್ ಮೂಳೆ ಅರ್ಧಂಬರ್ಧ ಅಥವಾ ಇಲ್ಲವೇ ಇಲ್ಲ. ಹಾಲುಹಲ್ಲು ಬೀಳುವುದೇ ಇಲ್ಲ, ಎಕ್ಸ್‌ರೇ ತೆಗೆದರೆ ದವಡೆಯೊಳಗೆ ಹತ್ತಾರು ಹೆಚ್ಚುವರಿ ಹಲ್ಲುಗಳು ಅಡಗಿ ಕುಳಿತಿರಬಹುದು. ಹಾಲುಹಲ್ಲು ಕಿತ್ತ ಮಾತ್ರಕ್ಕೆ ಇವರಿಗೆ ಶಾಶ್ವತ ಹಲ್ಲು ತಾನಾಗಿ ಬರುವುದಿಲ್ಲ. ಹೆಚ್ಚುವರಿ ಹಲ್ಲು ತೆಗೆದು, ವಸಡು ಬಿಡಿಸಿ, ಒಳಗಿನ ಹಲ್ಲನ್ನು ಕ್ಲಿಪ್ ಮೂಲಕ ನಿಧಾನವಾಗಿ ಎಳೆದು ತರಬೇಕು. 'ಸ್ಟ್ರೇಂಜರ್ ಥಿಂಗ್ಸ್' ಸರಣಿಯ ನಟ ಗೇಟನ್ ಮಟರಾಜೊಗೆ ಇರುವುದು ಇದೇ ಸ್ಥಿತಿ. ಅವರ ಪಾತ್ರಕ್ಕೂ ಅದನ್ನೇ ಅಳವಡಿಸಲಾಗಿತ್ತು.

ಕ್ರೂಜಾನ್ ಮತ್ತು ಏಪರ್ಟ್ ಸಿಂಡ್ರೋಮ್‌ಗಳಲ್ಲಿ ತಲೆಬುರುಡೆಯ ಹೊಲಿಗೆಗಳು ಬೇಗ ಕೂಡಿಕೊಂಡು ಮೇಲ್ದವಡೆ ಚಿಕ್ಕದಾಗುತ್ತದೆ. ಹಲ್ಲುಗಳಿಗೆ ಜಾಗ ಸಾಲದೆ ಒಂದರ ಮೇಲೊಂದು ಬರುತ್ತವೆ. ಏಪರ್ಟ್‌ನಲ್ಲಿ ಹಲ್ಲಿನ ಬೆಳವಣಿಗೆಯೂ ನಿಧಾನ.

ಮುಂಬೈಗೆ ಸಂಬಂಧಿಸಿದ ಹಳೆಯ ದಾಖಲೆಯೊಂದನ್ನು ಇಲ್ಲಿ ಹೇಳಬೇಕು. ಸಿಂಧ್ ಪ್ರಾಂತ್ಯ ಬಾಂಬೆ ಪ್ರೆಸಿಡೆನ್ಸಿಯ ಭಾಗವಾಗಿದ್ದ ಕಾಲದಲ್ಲಿ ಅಲ್ಲಿನ ಒಂದು ಹಿಂದೂ ಕುಟುಂಬದ ನಾಲ್ಕು ತಲೆಮಾರುಗಳ ಹತ್ತು ಗಂಡಸರಿಗೆ ಕೆಲವೇ ಹಲ್ಲುಗಳಿದ್ದ, ಮೈಮೇಲೆ ಕೂದಲು ಕಡಿಮೆಯಿದ್ದ, ಬೇಸಿಗೆಯಲ್ಲಿ ಚರ್ಮ ಒಣಗಿ ಬಳಲುತ್ತಿದ್ದ ವಿವರವನ್ನು ವೆಡರ್‌ಬರ್ನ್ ಎಂಬವರು ಚಾರ್ಲ್ಸ್ ಡಾರ್ವಿನ್‌ಗೆ ತಿಳಿಸಿದ್ದರು. ಹೆಣ್ಣುಮಕ್ಕಳಿಗೆ ಈ ತೊಂದರೆ ಕಾಣಿಸದಿದ್ದರೂ ಅವರ ಗಂಡುಮಕ್ಕಳಿಗೆ ಬರುತ್ತದೆ ಎಂಬುದನ್ನು ಡಾರ್ವಿನ್ ತಮ್ಮ ಪುಸ್ತಕದಲ್ಲಿ ದಾಖಲಿಸಿದರು. ಇಂದು ಇದನ್ನು ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಇದು ಬುರುಡೆಯ ತೊಂದರೆಯಲ್ಲ. ಆದರೆ ಎರಡು ವರ್ಷವಾದರೂ ಮಗುವಿಗೆ ಬೆರಳೆಣಿಕೆಯ ಹಲ್ಲುಗಳಷ್ಟೇ ಬಂದು, ಬೆವರದೆ ಪದೇಪದೇ ಮೈ ಬಿಸಿಯಾಗುತ್ತಿದ್ದರೆ ಈ ಬಗ್ಗೆಯೂ ವೈದ್ಯರನ್ನು ಕೇಳಬೇಕು.

ವಯಸ್ಸಿನ ಪುರಾವೆಗೂ ತೊಡಕು

ದವಡೆಯ ಎಕ್ಸ್‌ರೇ ನೋಡಿ ವಯಸ್ಸು ಅಂದಾಜಿಸುವ ವಿಧಾನಗಳಿವೆ. 1973ರಲ್ಲಿ ಬಂದ ಡೆಮಿರ್ಜಿಯನ್ ವಿಧಾನ ಕೆಳದವಡೆಯ ಎಡಬದಿಯ ಏಳು ಹಲ್ಲುಗಳ ಬೆಳವಣಿಗೆಯನ್ನು ಅಳೆಯುತ್ತದೆ. ಹಲ್ಲು ತಡವಾಗುವ ಮಗುವಿನಲ್ಲಿ ಈ ಲೆಕ್ಕ ನಿಜವಾದ ವಯಸ್ಸಿಗಿಂತ ಕಡಿಮೆ ತೋರಿಸಬಹುದು. 2015ರ ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಕೆಲಸ ಹುಡುಕಿ ಊರೂರು ತಿರುಗುವ ಕುಟುಂಬಗಳು ಇಂಥ ಮಕ್ಕಳ ಜನನ ಪ್ರಮಾಣಪತ್ರವನ್ನು ತಪ್ಪದೇ ಮಾಡಿಸಿಟ್ಟುಕೊಳ್ಳಬೇಕು.

ಮುಂಬೈನಲ್ಲಿ ಎಲ್ಲಿಗೆ ಹೋಗಬೇಕು?

ಸರ್ಕಾರಿ ವ್ಯವಸ್ಥೆಯಲ್ಲಿ ಹಲ್ಲಿಗೆಂದೇ ಎರಡು ದೊಡ್ಡ ಕಾಲೇಜು ಆಸ್ಪತ್ರೆಗಳಿವೆ. ಮುಂಬೈ ಸೆಂಟ್ರಲ್‌ನಲ್ಲಿರುವ ನಾಯರ್ ಡೆಂಟಲ್ ಕಾಲೇಜು ಮಹಾನಗರ ಪಾಲಿಕೆಯದು. ವಿರಾರ್, ಬೊರಿವಲಿ ಕಡೆಯವರಿಗೆ ಇದು ಅನುಕೂಲ. ಸಿಎಸ್‌ಎಂಟಿ ಹತ್ತಿರ ಸೇಂಟ್ ಜಾರ್ಜ್ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ಡೆಂಟಲ್ ಕಾಲೇಜು ರಾಜ್ಯ ಸರ್ಕಾರದ್ದು. ಡೊಂಬಿವಲಿ, ಕಲ್ಯಾಣ್, ಪನ್ವೇಲ್ ಕಡೆಯವರು ಲೋಕಲ್ ಇಳಿದು ನಡೆದೇ ಹೋಗಬಹುದು. ಎರಡೂ ಕಡೆ ಕ್ಲಿಪ್ ವಿಭಾಗ ಮತ್ತು ಮಕ್ಕಳ ಹಲ್ಲಿನ ವಿಭಾಗಗಳಿವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು. ಪರೇಲ್‌ನಲ್ಲಿ ಕೆಇಎಂ ಮತ್ತು ವಾಡಿಯಾ ಮಕ್ಕಳ ಆಸ್ಪತ್ರೆಗಳಿವೆ. 1999ರಲ್ಲಿ ಶುರುವಾದ ಸ್ಮೈಲ್ ಟ್ರೈನ್ ಸಂಸ್ಥೆ ತನ್ನ ಸಹಯೋಗದ ಆಸ್ಪತ್ರೆಗಳಲ್ಲಿ ಸೀಳುತುಟಿ ಆಪರೇಷನ್‌ಗಳನ್ನು ಉಚಿತವಾಗಿ ಮಾಡಿಸುತ್ತದೆ.

ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ, ಸೀಳು ಅಂಗುಳ ಎರಡೂ ಇವೆ. 18 ವರ್ಷದವರೆಗಿನ ಮಕ್ಕಳಿಗೆ ಇದು ಅನ್ವಯ. ಅಂದಹಾಗೆ, 2013ರ ಫೆಬ್ರವರಿಯಲ್ಲಿ ಈ ಯೋಜನೆಗೆ ಚಾಲನೆ ಸಿಕ್ಕಿದ್ದು ಮುಂಬೈಗೆ ಹತ್ತಿರದ ಪಾಲ್ಘರ್‌ನಲ್ಲೇ. ಅಂಗನವಾಡಿ ಅಥವಾ ಸರ್ಕಾರಿ ಶಾಲೆಗೆ ಬರುವ ತಪಾಸಣಾ ತಂಡಕ್ಕೆ ತುಟಿಯ ಹಳೆಯ ಹೊಲಿಗೆಯ ಬಗ್ಗೆ ಹೇಳಿದರೆ ಮುಂದಿನ ಆಸ್ಪತ್ರೆಗೆ ಕಳುಹಿಸುತ್ತಾರೆ.

ಚಿಕಿತ್ಸೆಯ ನಡುವೆಯೇ ಊರಿಗೆ ಮರಳುವ ಮುಂಬೈ ಕನ್ನಡಿಗರಿಗೆ ಧಾರವಾಡದ ಎಸ್‌ಡಿಎಂ ಡೆಂಟಲ್ ಕಾಲೇಜು, ಮಂಗಳೂರಿನ ದೇರಳಕಟ್ಟೆಯಲ್ಲಿರುವ ನಿಟ್ಟೆಯ ಕ್ರೇನಿಯೋಫೇಶಿಯಲ್ ಕೇಂದ್ರದಲ್ಲಿ ಇದೇ ಚಿಕಿತ್ಸೆ ಮುಂದುವರಿಸಲು ಅವಕಾಶವಿದೆ. ಹೋಗುವಾಗ ಆಪರೇಷನ್‌ನ ಡಿಸ್ಚಾರ್ಜ್ ಪತ್ರ, ಇಡೀ ದವಡೆಯ ಹಳೆಯ ಎಕ್ಸ್‌ರೇ ಮತ್ತು ಹಲ್ಲಿನ ಅಚ್ಚು ತೆಗೆದಿದ್ದರೆ ಅದನ್ನೂ ಜೊತೆಗೆ ಒಯ್ಯಬೇಕು. ಕೋರೆಹಲ್ಲಿನ ಬೇರು ಎಷ್ಟು ಬೆಳೆದಿದೆ ಎಂಬುದನ್ನು ಹೊಸ ವೈದ್ಯರು ಹಿಂದಿನ ಎಕ್ಸ್‌ರೇ ಜೊತೆ ಹೋಲಿಸಿ ನೋಡಬಹುದು.