ಕಟ್ಟಿಕೊಂಡ ತೂಬು: ಕೋಲಾರ ಸೀಮೆಯ ಕೇರಿ ಮತ್ತು ಕತೆ

ಕೋಲಾರದ ಕಡೆಯ ದಲಿತರು ಹಾಡು ಕಟ್ಟಿದರು, ನಾಟಕ ಆಡಿದರು, ಕತೆ ಮಾತ್ರ ಬರೀಲಿಲ್ಲ ಅನ್ನೋ ಮಾತು ನಮ್ಮ ವಿಮರ್ಶೆಯ ಪಡಸಾಲೆಯಲ್ಲಿ ಬಹಳ ದಿನದಿಂದ ಓಡಾಡುತ್ತಿದೆ. ಹೇಳುವವರ ದನಿಯಲ್ಲಿ ಒಂದು ಥರದ ಕನಿಕರವೂ ಇರುತ್ತದೆ. ಚಳವಳಿಯ ಗದ್ದಲದಲ್ಲಿ ಸೃಜನಶೀಲತೆ ಬತ್ತಿತು ಎಂಬ ತೀರ್ಮಾನ ಅದರ ಬೆನ್ನಿಗೇ ಬರುತ್ತದೆ. ಇದನ್ನು ಒಪ್ಪುವ ಮುಂಚೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೇರಿಗಳಲ್ಲಿ ಬರೆಯಲು ಕೂತವನ ಕೈ ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಅಂತ ನೋಡಬೇಕು. ಸ್ಫೂರ್ತಿ ಬರಲಿಲ್ಲ ಅಂತ ಹೇಳಿ ಕೈತೊಳೆದುಕೊಳ್ಳೋ ಸಂಗತಿ ಇದಲ್ಲ.

ವಿಚಿತ್ರ ನೋಡಿ, ಕನ್ನಡದ ಸಣ್ಣಕತೆಗೆ ಜನಕನೆನ್ನಿಸಿಕೊಂಡ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಇದೇ ಮಾಲೂರು ತಾಲ್ಲೂಕಿನವರು. 1891ರಲ್ಲಿ ಹುಟ್ಟಿ, ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದು, 1983ರಲ್ಲಿ ಜ್ಞಾನಪೀಠ ಪಡೆದರು. ಅವರ ಮನೆಮಾತು ತಮಿಳು. ನಮ್ಮ ಮೂಡಣ ಗಡಿಯ ಎಷ್ಟೋ ಕೇರಿಗಳ ಮನೆಮಾತು ತೆಲುಗು. ಅಂದರೆ ಮನೆಮಾತು ಕನ್ನಡವಲ್ಲ ಎಂಬುದೇ ಅಡ್ಡಿಯಾಗಿದ್ದರೆ ಮಾಸ್ತಿಯವರಿಗೂ ಆಗಬೇಕಿತ್ತು. ಆಗಲಿಲ್ಲ. ಅವರ ಮನೆಗೂ ಬರಹದ ಕನ್ನಡಕ್ಕೂ ನಡುವೆ ಅಕ್ಷರದ ಹಳೇ ಸೇತುವೆ ಇತ್ತು. ನಮ್ಮ ಹುಡುಗ ಅವ್ವನ ಹತ್ತಿರ ತೆಲುಗಾಡಿ, ಸ್ಕೂಲಿನಲ್ಲಿ ಮೇಷ್ಟ್ರ ಕನ್ನಡ ಕಲಿತು, ಬರೆಯಲು ಕೂತಾಗ ತನ್ನ ಅವ್ವನ ಬಾಯಲ್ಲೇ ಮೇಷ್ಟ್ರ ಕನ್ನಡ ಆಡಿಸುತ್ತಾನೆ. ಎರಡನೇ ಪುಟಕ್ಕೆ ಅವನಿಗೇ ನಾಚಿಕೆಯಾಗಿ ನಿಲ್ಲಿಸುತ್ತಾನೆ. ಬರೆಯಲು ಆಗದಿರುವುದು ಅಂತ ನಾವು ಕರೆಯೋದರಲ್ಲಿ ಅರ್ಧಪಾಲು ಈ ನಾಚಿಕೆಯೇ.

ಕೇರಿಯವರಿಗೆ ಬರಹವೇ ಹೊಸದು ಅಂತಲೂ ಅಲ್ಲ. ಚಿನ್ನದ ಗಣಿಯ ತಮಿಳು ದಲಿತ ಕಾರ್ಮಿಕರನ್ನು ಮರೆತು ಕೋಲಾರದ ಸಾಹಿತ್ಯ ಚರಿತ್ರೆ ಬರೆಯುವ ಚಾಳಿ ನಮ್ಮಲ್ಲಿದೆ. ಪಂಡಿತ ಅಯೋತಿದಾಸರ ಬೌದ್ಧ ಸಂಘಕ್ಕೆ ಗಣಿಯ ಲೈನುಗಳಲ್ಲಿ ಶಾಖೆಯಿತ್ತು. ಅವರು 1907ರಲ್ಲಿ ಮದರಾಸಿನಲ್ಲಿ ಶುರುಮಾಡಿದ ‘ತಮಿಳನ್’ ಪತ್ರಿಕೆ 1914ರಲ್ಲಿ ಅವರು ತೀರಿಕೊಂಡ ಮೇಲೆ ನಿಂತುಹೋದಾಗ, 1926ರಲ್ಲಿ ಅದನ್ನು ಕೆ.ಜಿ.ಎಫ್.ನಿಂದ ಮತ್ತೆ ಹೊರಡಿಸಿದವರು ಜಿ. ಅಪ್ಪಾದುರೈ. ಭೂಮಿಯೊಳಗೆ ಕಲ್ಲು ಸಿಡಿಸಿ ಮೇಲೆ ಬಂದ ಮನುಷ್ಯ ಪತ್ರಿಕೆ ಓದಿಸಿ ಕೇಳುತ್ತಿದ್ದ. ಅದು ಕನ್ನಡದ್ದಲ್ಲ ಅನ್ನೋ ಕಾರಣಕ್ಕೆ ನಮ್ಮ ಲೆಕ್ಕಕ್ಕೆ ಬರಲಿಲ್ಲ, ಅಷ್ಟೆ.

ಕನ್ನಡದಲ್ಲಿ ಬಾಯಿ ಬಂದದ್ದು ಆಮೇಲೆ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತು, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’, ಅದೇ ಕಾಲದಲ್ಲಿ ಕಟ್ಟಿಕೊಂಡ ದಲಿತ ಸಂಘರ್ಷ ಸಮಿತಿ. ಕೋಲಾರಕ್ಕೆ ಬಂದಾಗ ಇದು ಹಾಡಾಗಿಯೇ ಬಂತು. ಕೋಟಿಗಾನಹಳ್ಳಿ ರಾಮಯ್ಯ ಹಾಡು ಕಟ್ಟಿದರು, ನಾಟಕ ಬರೆದರು. ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಊರೂರಿಗೆ ಹೋಗಿ ಹಾಡಿದರು. ಹಾಡಿಗೆ ಒಂದು ತಮಟೆ, ನಾಲ್ಕು ಜನ ಸಾಕು. ಒಂದು ಸಾಲು ಮರೆತರೆ ಪಕ್ಕದವನು ಎತ್ತಿಕೊಳ್ಳುತ್ತಾನೆ. ಕತೆಗೆ ಒಬ್ಬನೇ ಕೂರಬೇಕು, ಕೂರಲು ಜಾಗ ಬೇಕು, ಬಾಗಿಲು ಬೇಕು. ಒಂದೇ ಅಂಕಣದ ಮನೆಯಲ್ಲಿ ಏಳು ಜನ ಮಲಗುವ ಕಡೆ ಏಕಾಂತ ಎಂಬ ಪದಕ್ಕೆ ಅರ್ಥವಿಲ್ಲ. ಹಾಡು ಮುಂದಾಗಿ ಕತೆ ಹಿಂದಾದದ್ದರಲ್ಲಿ ಈ ಜಾಗದ ಪ್ರಶ್ನೆಯೂ ಇದೆ.

ನನ್ನದೊಂದು ಸಂಗತಿ ಹೇಳಬೇಕು. 2000ದ ಮಾರ್ಚ್ 11ರಂದು ಆಗ ಕೋಲಾರ ಜಿಲ್ಲೆಯದೇ ಆಗಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಆ ವರ್ಷವಿಡೀ ಅದನ್ನು ಕತೆ ಮಾಡಲು ಒದ್ದಾಡಿದೆ. ಮೊದಲ ಸಾಲಲ್ಲೇ ಬೆಂಕಿ ಬರುತ್ತಿತ್ತು, ಬೆಂಕಿ ಬಂದಮೇಲೆ ಬರೆಯಲು ಏನೂ ಉಳಿಯುತ್ತಿರಲಿಲ್ಲ. ಬೆಂಕಿಯನ್ನು ಕೊನೆಗಿಟ್ಟರೆ, ಓದುವವನನ್ನು ಅಲ್ಲಿಗೆ ಎಳೆದುಕೊಂಡು ಹೋಗೋ ಹಂಚಿಕೆಯೇ ಅಸಹ್ಯ ಅನ್ನಿಸಿತು. ಹರಿದು ಹಾಕಿದೆ. ಆ ಕಡೆ ಕೋರ್ಟಿನಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕಂಡವರೇ ಬಾಯಿ ಬಿಡಲಾಗದ ಕಡೆ ಕಾಣದ ನಾನು ಬಾಯಿ ಬಿಡೋದು ಯಾವ ಅಧಿಕಾರದಿಂದ? ನನ್ನ ಲೇಖನಿ ನಿಂತದ್ದು ಭಾವ ಬತ್ತಿ ಅಲ್ಲ ಅಂತ ತಿಳಿಯೋದಕ್ಕೇ ಎಷ್ಟೋ ವರ್ಷ ಹಿಡೀತು.

ದೇವನೂರ ಮಹಾದೇವರ ಮೌನದ ಬಗ್ಗೆಯೂ ಜನ ಹೀಗೇ ಕೇಳುತ್ತಾ ಬಂದಿದ್ದಾರೆ. 1984ರಲ್ಲಿ ‘ಕುಸುಮಬಾಲೆ’ ಬಂತು, 1990ರ ಅಕಾಡೆಮಿ ಪ್ರಶಸ್ತಿ ಬಂತು, ಇನ್ನೊಂದು ಕಾದಂಬರಿ ಬರಲಿಲ್ಲ. 2012ರ ‘ಎದೆಗೆ ಬಿದ್ದ ಅಕ್ಷರ’ ಬೇರೆ ಥರದ ಬರಹ. ಎಲ್ಲ ಮೌನವನ್ನೂ ಸೋಲು ಅಂತ ಓದೋದು ವಿಮರ್ಶಕರ ಸೋಮಾರಿತನ. ಆದರೆ ‘ಕುಸುಮಬಾಲೆ’ ನಮಗೆ ತೋರಿಸಿದ್ದು ಒಂದಿದೆ: ನಂಜನಗೂಡು ಸೀಮೆಯ ಆಡುಮಾತನ್ನು ಬಾಗಿಸದೆ ಪುಟಕ್ಕೆ ತಂದರೆ ನಾಚಿಕೆ ಕಳಚುತ್ತದೆ. ಅಲ್ಲಿ ಆಡುಮಾತಾದರೂ ಕನ್ನಡ. ಶ್ರೀನಿವಾಸಪುರದವನು ಏನು ಮಾಡಬೇಕು?

ನನಗೆ ದಾರಿ ಸಿಕ್ಕಿದ್ದು ಬೆಂಕಿಯ ಹತ್ತಿರ ಅಲ್ಲ, ನೀರಿನ ಹತ್ತಿರ. ನದಿ ಹರಿಯದ ಈ ಸೀಮೆ ಕೆರೆಗಳಿಂದ ಬದುಕಿದ್ದು. ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚಿದವನು ನೀರಗಂಟಿ. ಬಹುಪಾಲು ಊರುಗಳಲ್ಲಿ ಅವನು ಕೇರಿಯವನು. ಸುಗ್ಗಿಯಲ್ಲಿ ಕಣದ ಮುಂದೆ ನಿಂತು ಧಾನ್ಯ ಈಸಿಕೊಳ್ಳುತ್ತಿದ್ದ. ಇಡೀ ಊರಿನ ಗದ್ದೆಯ ನೀರು ಅವನ ಕೈಯಲ್ಲಿ, ಊರ ಬಾವಿಯ ನೀರು ಮಾತ್ರ ಅವನು ಮುಟ್ಟುವ ಹಾಗಿಲ್ಲ. ಇದಕ್ಕಿಂತ ದೊಡ್ಡ ಕತೆ ಬೇಕೆ? ತೋಟಿ, ತಳವಾರ, ನೀರಗಂಟಿಗಳ ಚಾಕರಿಗೆ ಇನಾಂ ಜಮೀನಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಆ ಚಾಕರಿ ತೆಗೆದು ಜಮೀನನ್ನು ಮರುಮಂಜೂರು ಮಾಡುವ ದಾರಿ ತೆರೆಯಿತು. ದಲಿತರಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ 1978ರಲ್ಲಿ ಮತ್ತೊಂದು ಕಾಯಿದೆ ಬೇಕಾಯಿತು ಅಂದರೆ ನಡುವೆ ಎಷ್ಟು ಕೈ ಬದಲಾಗಿತ್ತು ಲೆಕ್ಕ ಹಾಕಿ. ಪಹಣಿಯ ಕಾಲಂಗಳಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆದು ಇನ್ನೊಂದು ಹೆಸರು ಬರೆದಿರುತ್ತಾರಲ್ಲ, ಆ ಗೆರೆ ನೋಡುತ್ತಾ ಕೂತರೆ ಯಾವ ಕತೆಗಾರನಿಗೂ ಮುಂದಿನ ಸಾಲು ಹೊಳೆಯುತ್ತದೆ. ಮದುವೆ ಸಾಲವೋ, ಬರಗಾಲವೋ, ಹೆಬ್ಬೆಟ್ಟೋ?

ಮಾಸ್ತಿಯವರನ್ನು ಅಗ್ರಹಾರದ ಕತೆಗಾರ ಅಂತ ಬದಿಗಿಟ್ಟವನು ನಾನೂ ಹೌದು. ಈಗ ತಿರುಗಿ ನೋಡಿದರೆ, ಯಾರೋ ಹೇಳಿದ್ದನ್ನು ಕೇಳಿ ಹೇಳುತ್ತೇನೆ ಅನ್ನುವ ಅವರ ಧಾಟಿ ನಮ್ಮ ಜಗಲಿಯ ಧಾಟಿಗೆ ಹತ್ತಿರವೇ. ಅವರ ಲೋಕ ಬೇಡ, ಆ ಕಿವಿ ಬೇಕು.

ಈ ಕಿವಿಯನ್ನು ಊರ್ಜಿತ ಮಾಡಿದ್ದು ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ರಾಮಯ್ಯ ಮತ್ತು ಗೆಳೆಯರು ದಿನಕ್ಕೊಂದು ರೂಪಾಯಿ ಕೂಡಿಟ್ಟು ಕಟ್ಟಿದ ‘ಆದಿಮ’. ಅಲ್ಲಿ ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕ, ಮಾತು. ಒಂಟಿಯಾಗಿ ಬರೆಯಲಾರದವನು ಅಲ್ಲಿ ಮೊದಲು ಬಾಯಲ್ಲಿ ಹೇಳಿ ನೋಡಬಹುದಿತ್ತು. ಕೇಳುವವರು ಎಲ್ಲಿ ಆಕಳಿಸಿದರು, ಎಲ್ಲಿ ಬೀಡಿ ಆರಿಸಿದರು ಅನ್ನೋದೇ ತಿದ್ದುಪಡಿ.

ಮುಳಬಾಗಿಲಿನ ಕಡೆಯ ನಮ್ಮ ಚಿಕ್ಕವ್ವನ ಮಾವ ನೀರಗಂಟಿಯಾಗಿದ್ದ. ಅವಳು ಅವನ ಕತೆ ತೆಲುಗಿನಲ್ಲಿ ಹೇಳಿದ್ದನ್ನು ನಾನು ಹಾಗೇ ಕನ್ನಡ ಅಕ್ಷರದಲ್ಲಿ ಗೀಚಿಕೊಂಡೆ. ಆಮೇಲೆ ಕನ್ನಡ ಮಾಡುತ್ತಾ ಹೋದೆ. ಅವಳ ‘ತೂಮು’ ನನ್ನಲ್ಲಿ ‘ತೂಬು’ ಆಯಿತು. ಒಂದು ಅಕ್ಷರದ ಅಂತರ. ಓದಿ ಹೇಳಿದಾಗ ಎಲೆಅಡಿಕೆ ಅಗಿಯುತ್ತಿದ್ದವಳು ತಡೆದಳು. ನೀರು ಬಿಡೋಕೆ ಅವನು ಹಗಲಲ್ಲಿ ಹೋಗ್ತಿರಲಿಲ್ಲ ಕಣೋ, ರಾತ್ರಿ ಹೋಗ್ತಿದ್ದ, ಅಂದಳು. ಯಾಕೆ ಅಂದೆ. ಅವಳು ಹೇಳಿದ್ದು ಈಗ ಹನ್ನೊಂದನೇ ಪುಟದಲ್ಲಿದೆ.