ಗೋಡೆ ಯಾಕೆ ರಿಪೇರಿ ಮಾಡಲ್ಲ?

ಮೊನ್ನೆ ಒಬ್ರು ಜೀಪಿಂದ ಇಳೀದೇ ‘ಬದು ಮೇಲೆ ಹುಲ್ಲು ಯಾಕೆ ಬಿಟ್ಟಿದೀರಿ, ಕೀಳಿಸಿ’ ಅಂದ್ರು. ಅದು ನಮ್ಮ ಎಮ್ಮೆ ಮೇವು, ಬದು ಕೊಚ್ಚದಂಗೆ ಹಿಡಿಯೋದೂ ಅದೇ. ಕೇಳಿದ್ರೆ ತಾನೆ ಹೇಳೋದು!

1925ರಲ್ಲಿ ಅಮೆರಿಕದ ಮಿಷನರಿ ದಂಪತಿ ವಿಲಿಯಂ ಮತ್ತು ಶಾರ್ಲೆಟ್ ವೈಸರ್ ಈಗಿನ ಉತ್ತರ ಪ್ರದೇಶದ ಮೈನ್‌ಪುರಿ ಕಡೆ ಒಂದು ಹಳ್ಳಿಗೆ ಬಂದರು. ಐದು ವರ್ಷ ಅಲ್ಲೇ ಇದ್ದರು. ಮೊದಮೊದಲು ಜನ ನಂಬಲಿಲ್ಲ. ಬೀದಿ ಕಡೆ ಗೋಡೆ ಪಾಳು ಬಿಟ್ಟಿದ್ದು ಸೋಮಾರಿತನಕ್ಕಲ್ಲ. ಮನೆ ಚೆನ್ನಾಗಿ ಕಂಡ್ರೆ ವಸೂಲಿಯವರ ಕಣ್ಣು ಬೀಳುತ್ತೆ ಅನ್ನೋ ಭಯ. ಕೂತು ಕೇಳಿದ್ದಕ್ಕೆ ಅದು ತಿಳೀತು.

1945ರಲ್ಲಿ, ಐವತ್ತು ದಾಟಿದ ಮೇಲೆ, ಇಬ್ಬರೂ ಸೇರಿ ‘ಇಂಡಿಯಾ ವಿಲೇಜ್ ಸರ್ವಿಸ್’ ಕಟ್ಟಿದರು. ನಮ್ಮ ದೇಶದ ಕಾರ್ಯಕರ್ತರೇ ಹಳ್ಳಿಯವರ ಜೊತೆ ನಿಂತು ಕೆಲಸ ಮಾಡೋ ವ್ಯವಸ್ಥೆ.

ನಿಮ್ಮೂರಿಗೆ ಬರೋರು ಮೊದಲು ಕೇಳ್ತಾರಾ, ಹೇಳ್ತಾರಾ?